ತರಗೆಲೆಯ ಪರವಾಗಿ ನಾಲ್ಕು ಮಾತು

ಓದುಗರೊಬ್ಬರ ಪತ್ರ: ವೃಕ್ಷೋದ್ಯಾನಕ್ಕೆ ಹೋಗಿದ್ದೆ. ಕಾಲಿಟ್ಟಲ್ಲೆಲ್ಲ ತರಗೆಲೆ. ಸತ್ತ ಮರಗಳನ್ನು ಹಾಗೇ ನಿಲ್ಲಿಸಿದ್ದಾರೆ. ಒಂದು ಮರದಂತೆ ಇನ್ನೊಂದಿಲ್ಲ. ಎಲ್ಲ ಗುಡಿಸಿ, ಒಣಗಿದ್ದು ಕಡಿದು, ಒಂದೇ ಜಾತಿಯ ಮರಗಳನ್ನು ಸಾಲಾಗಿ ನೆಟ್ಟು, ಬುಡದಲ್ಲಿ ಕೂರಲು ಹುಲ್ಲುಹಾಸು ಮಾಡಬಾರದೇ?

ಸಂಪಾದಕರ ಉತ್ತರ: ಜನ ಓಡಾಡುವ ದಾರಿಯ ಮೇಲೆ ಒಣಕೊಂಬೆ ತೂಗುತ್ತಿದ್ದರೆ ಕಡಿಯಲೇಬೇಕು. ಅಷ್ಟರ ಮಟ್ಟಿಗೆ ನೀವು ಹೇಳಿದ್ದು ಸರಿ. ಉಳಿದದ್ದಕ್ಕೆ ಜಗಳವಾಡುತ್ತೇನೆ, ಸಿಟ್ಟಾಗಬೇಡಿ.

ಎಷ್ಟೋ ಪತಂಗಗಳ ಹುಳುಗಳು ಮರದ ಮೇಲೆ ಎಲೆ ತಿಂದು ಬೆಳೆಯುತ್ತವೆ. ಆಮೇಲೆ ಕೆಳಗಿಳಿದು ತರಗೆಲೆಯಡಿ ಕೋಶವಾಗಿ ಮಲಗುತ್ತವೆ. ಎಲೆ ಗುಡಿಸಿ ಮೂಟೆ ಕಟ್ಟಿದರೆ ಮುಂದಿನ ವರ್ಷದ ಪತಂಗಗಳೂ ಅದೇ ಮೂಟೆಯಲ್ಲಿ ಹೋದವು. ಹೋದರೆ ಹೋಗಲಿ ಅಂತೀರಾ? ಅಮೆರಿಕದಲ್ಲಿ ಚಿಕಡೀ ಅನ್ನೋ ಪುಟ್ಟ ಹಕ್ಕಿಯಿದೆ. ಒಂದು ಗೂಡಿನ ಮರಿಗಳನ್ನು ಹಾರುವಷ್ಟು ಬೆಳೆಸಲು ಅದಕ್ಕೆ 6,000ದಿಂದ 9,000 ಹುಳು ಬೇಕು ಎಂದು ಕೀಟವಿಜ್ಞಾನಿ ಡಗ್ಲಸ್ ಟ್ಯಾಲಮಿ ಹೇಳುತ್ತಾರೆ. ನಾವು ಹಕ್ಕಿ ನೋಡಲು ದುರ್ಬೀನು ಹಿಡಿದು ಹೋಗುತ್ತೇವೆ, ಅದರ ಊಟ ಗುಡಿಸಿ ಅಂತ ಪತ್ರ ಬರೆಯುತ್ತೇವೆ!

ಸತ್ತ ಮರದಲ್ಲಂತೂ ಒಕ್ಕಲು ಜಾಸ್ತಿ. ಮೆತ್ತಗಾದ ಕಾಂಡದಲ್ಲಿ ಮರಕುಟಿಗ ಪೊಟರೆ ಕೊರೆದು, ಮರಿ ಮಾಡಿ, ಬಿಟ್ಟು ಹೋಗುತ್ತದೆ. ಸ್ವತಃ ಕೊರೆಯಲಾಗದ ಗೂಬೆ, ಅಳಿಲು, ಬಾವಲಿಗಳು ಬಂದು ಸೇರಿಕೊಳ್ಳುತ್ತವೆ.

ಹುಲ್ಲುಹಾಸಿನ ಮಾತಿಗೆ ಲಂಡನ್ನಿನ ಕ್ಯೂ ಉದ್ಯಾನದ ಕತೆ ಕೇಳಿ. 1987ರ ಅಕ್ಟೋಬರಿನ ಬಿರುಗಾಳಿಗೆ ಅಲ್ಲಿ ಸುಮಾರು 700 ಮರ ಹೋದವು. ಟರ್ನರ್ ಓಕ್ ಎಂಬ ಹಳೆಯ ಮರ ಮೊದಲೇ ಸೊರಗಿತ್ತು. ಗಾಳಿ ಅದನ್ನು ಬೇರುಸಮೇತ ಎತ್ತಿ ಮತ್ತೆ ಅಲ್ಲೇ ಕೂರಿಸಿತು. ಆಮೇಲೆ ನೋಡೋಣ ಎಂದು ಆಸರೆ ಕೊಟ್ಟು ಬಿಟ್ಟರು. ಮೂರು ವರ್ಷ ಕಳೆದು ನೋಡಿದರೆ ಮರ ಸೊಂಪಾಗಿ ಚಿಗುರಿತ್ತು! ಜನ ತುಳಿದು ತುಳಿದು ಬುಡದ ಮಣ್ಣು ಗಟ್ಟಿಯಾಗಿ, ಬೇರಿಗೆ ಉಸಿರಾಡಲು ಆಗುತ್ತಿರಲಿಲ್ಲ. ಬಿರುಗಾಳಿ ಆ ಮಣ್ಣನ್ನು ಸಡಿಲಿಸಿತ್ತು. ಆಮೇಲೆ ಕ್ಯೂನವರು ಬೇರೆ ಮರಗಳ ಬುಡಕ್ಕೂ ಯಂತ್ರದಿಂದ ಗಾಳಿ ಊದತೊಡಗಿದರು. ನೀವು ಕೂರಲು ಜಾಗ ಕೇಳಿದ್ದು ಅದೇ ಬುಡದಲ್ಲಿ ಅಲ್ವಾ?

ಇನ್ನು ಒಂದೇ ಜಾತಿಯ ಸಾಲು. ಅಮೆರಿಕದ ಊರೂರಲ್ಲಿ ಬೀದಿಯುದ್ದಕ್ಕೂ ಎಲ್ಮ್ ಮರಗಳಿದ್ದವು. ಡಚ್ ಎಲ್ಮ್ ರೋಗ ಬಂದು ಸಾಲಿಗೆ ಸಾಲೇ ಒಣಗಿತು. ಬುದ್ಧಿ ಬಂತಾ? ಎಷ್ಟೋ ಕಡೆ ಅದೇ ಜಾಗದಲ್ಲಿ ಸಾಲಾಗಿ ಆಶ್ ನೆಟ್ಟರು. 2002ರಲ್ಲಿ ಮಿಷಿಗನ್ನಿನಲ್ಲಿ ಏಷ್ಯಾದಿಂದ ಬಂದ ಹಸಿರು ಜೀರುಂಡೆಯೊಂದು ಪತ್ತೆಯಾಯಿತು. ಅದಕ್ಕೆ ಆಶ್ ಮರಗಳು ಕೋಟಿಗಟ್ಟಲೆ ಬಲಿಯಾದವು.

ನಮಗೀಗ ಕಾಡೂ ಒರೆಸಿಟ್ಟ ಹಾಗಿರಬೇಕು. ಬುಡಕ್ಕೆ ಕಾಂಕ್ರೀಟು, ಕಾಂಡಕ್ಕೆ ಮೊಳೆ, ಕೊಂಬೆಗೆ ಬಣ್ಣದ ದೀಪ. ದೀಪ ಸುತ್ತುತ್ತ ಪತಂಗಗಳು ಸುಮ್ನೆ ಸಾಯುತ್ತವೆ. ಅದರ ಬಗ್ಗೆ ನನಗೆ ಒಂದು ಪತ್ರವೂ ಬಂದಿಲ್ಲ.

ನಿಮ್ಮದು ಚುರುಕು ಕಣ್ಣು, ಒಳ್ಳೆಯ ಸಿಟ್ಟು. ಅದನ್ನು ಹೆಸರಿನ ಫಲಕಗಳ ಕಡೆ ತಿರುಗಿಸಿ. ಯಾವ ಮರ, ಬೀಜ ಎಲ್ಲಿಂದ ಬಂತು, ಯಾವಾಗ ನೆಟ್ಟರು, ಈ ದಾಖಲೆ ಇದ್ದರೇ ವೃಕ್ಷೋದ್ಯಾನ. ಇಲ್ಲದಿದ್ದರೆ ಬರೀ ಪಾರ್ಕು. ಮುಂದಿನ ಸಲ ಹೋದಾಗ ಫಲಕ ಅಳಿಸಿದ್ದರೆ, ಕಿತ್ತುಹೋಗಿದ್ದರೆ ಖಾರವಾಗಿ ಬರೆಯಿರಿ. ಆ ಪತ್ರದಲ್ಲಿ ಒಂದಕ್ಷರವನ್ನೂ ಕತ್ತರಿಸದೆ ಅಚ್ಚು ಹಾಕುತ್ತೇನೆ.