ಬಡಾವಣೆಗೂ ಮೊದಲಿದ್ದ ಗುಂಡುತೋಪು

ನಿಮ್ಮ ಸೈಟಿನ ಹಳೆಯ ಪತ್ರದ ಚೆಕ್ಕುಬಂದಿಯಲ್ಲಿ, ಅಂದರೆ ನಾಲ್ಕು ದಿಕ್ಕಿನ ಗಡಿಯ ವಿವರದಲ್ಲಿ, ‘ಪೂರ್ವಕ್ಕೆ ಸರ್ಕಾರಿ ಗುಂಡುತೋಪು’ ಎಂದಿದೆ, ಅಲ್ಲಿ ಕಾಡಿತ್ತೇ ಎಂದು ಕೇಳಿದ್ದೀರಿ. ಕಾಡಲ್ಲ. ಊರಿನವರೆಲ್ಲರ ಬಳಕೆಗೆಂದು ಹಿಂದಿನವರು ನೆಟ್ಟು ಬೆಳೆಸಿದ ಮಾವು, ಹುಣಸೆ, ನೇರಳೆ, ಹೊಂಗೆ ಮರಗಳ ತೋಪು. ಬೆಂಗಳೂರಿನ ಸುತ್ತಲಿನ ಬಹಳಷ್ಟು ಹಳ್ಳಿಗಳಲ್ಲಿ ಇಂಥವು ಇದ್ದವು. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿದ್ದ ಮೇಲೆ ದಕ್ಷಿಣದ ಹಳ್ಳಿಗಳು ಒಂದೊಂದಾಗಿ ನಗರಕ್ಕೆ ಸೇರಿಹೋದವು, ನಮ್ಮದೂ ಹಾಗೆಯೇ.

ಬೇಸಿಗೆ ರಜೆ ಪೂರ್ತಿ ನಾವು ತೋಪಿನಲ್ಲೇ ಇರುತ್ತಿದ್ದೆವು. ನಾವು ಮರಕೋತಿ ಆಡುತ್ತಿದ್ದ ಹುಣಸೆ ಕೊಂಬೆಯ ತೊಗಟೆ ಪಾದ ಉಜ್ಜಿ ಉಜ್ಜಿ ನುಣುಪಾಗಿತ್ತು. ಅಜ್ಜಿಯರು ಒಣಗಿದ ಹೊಂಗೆಕಾಯಿ ಆಯ್ದು, ಕಲ್ಲಿನಿಂದ ಕುಟ್ಟಿ, ಬೀಜ ಬಿಡಿಸಿ ಎಣ್ಣೆಗೆಂದು ಮಾರುತ್ತಿದ್ದರು. ಅಂಚಿನಲ್ಲಿ ಮುನೇಶ್ವರನ ಕಲ್ಲು. ಹರಕೆಯ ದಿನ ಅಲ್ಲೇ ಒಲೆ ಹೂಡಿ ಅಡುಗೆ. ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂರುತ್ತಿರಲಿಲ್ಲ, ಅದನ್ನು ಮರೆಮಾಚಬಾರದು. ಆದರೆ ಸೌದೆಗೆ, ಮೇವಿಗೆ, ನೆರಳಿಗೆ ತುಂಡು ಭೂಮಿ ಇಲ್ಲದವರಿಗೂ ಆ ತೋಪಿನ ಆಸರೆಯಿತ್ತು. ಬಡಾವಣೆ ಬಂದಾಗ ಜಮೀನಿದ್ದವರಿಗೆ ಪರಿಹಾರ ಸಿಕ್ಕಿತು, ಬರೀ ಮೇಕೆ ಇದ್ದವರಿಗೆ ಏನೂ ಸಿಗಲಿಲ್ಲ. ಇದನ್ನು ನೆನೆದರೆ ನನಗೆ ಇಂದಿಗೂ ಹೊಟ್ಟೆ ಉರಿಯುತ್ತದೆ.

ನಿಮ್ಮ ಬೀದಿಯ ಆಸುಪಾಸಿನಲ್ಲಿ ಸಾಲು ತಪ್ಪಿ ನಿಂತ ದಪ್ಪ ಬುಡದ ಹುಣಸೆಯೋ ಮಾವೋ ಇದೆಯೇ ನೋಡಿ. ಅದು ತೋಪಿನ ಮರವಿರಬಹುದು. ಖಚಿತವಾಗಬೇಕಾದರೆ ಭೂಮಾಪನ ಇಲಾಖೆಯಿಂದ ಹಳೆಯ ಗ್ರಾಮ ನಕ್ಷೆ ತೆಗೆಸಿ, ಆ ಸರ್ವೆ ನಂಬರಿನ ಹಳೆಯ ಪಹಣಿಯನ್ನೂ ಕೇಳಿ.