ಮೆಜಾರಿಟಿ ಇದ್ರೆ ನಮ್ಮ ಹಕ್ಕನ್ನೇ ತೆಗೆದುಬಿಡಬಹುದಾ?

ಪ್ರಶ್ನೆ: ಸರ್, ನಾನು ಹಾಸನದಲ್ಲಿ ಡಿಗ್ರಿ ಓದ್ತಿದೀನಿ. ಟೀ ಅಂಗಡೀಲಿ ಒಬ್ರು ಹೇಳ್ತಿದ್ರು, ಲೋಕಸಭೇಲಿ ಮೆಜಾರಿಟಿ ಇರೋ ಪಾರ್ಟಿ ಮನಸ್ಸು ಮಾಡಿದ್ರೆ ಸಂವಿಧಾನ ತಿದ್ದಿ ನಮ್ಮ ಮಾತಾಡೋ ಹಕ್ಕನ್ನೂ ಕಿತ್ಕೋಬಹುದು ಅಂತ. ನಿಜಾನಾ?

ಉತ್ತರ: ಅವ್ರು ಹೇಳಿದ್ದು ಪೂರ್ತಿ ಸುಳ್ಳಲ್ಲ, ಅದೇ ತಾಪತ್ರಯ. ಆದ್ರೆ ಬರೀ ಮೆಜಾರಿಟಿ ಸಾಲಲ್ಲ.

ಸಂವಿಧಾನ ತಿದ್ದೋದು ಹೇಗೆ ಅಂತ ಹೇಳೋ 368ನೇ ವಿಧಿ ಲೆಕ್ಕ ನೋಡಿ. ಲೋಕಸಭೆ ಒಟ್ಟು ಬಲ 543, ಅದ್ರಲ್ಲಿ ಅರ್ಧಕ್ಕಿಂತ ಜಾಸ್ತಿ, ಅಂದ್ರೆ 272 ವೋಟು ಬಿಲ್ ಪರವಾಗಿ ಬೀಳ್ಲೇಬೇಕು, ಅದರ ಜೊತೆಗೆ ಅವತ್ತು ಹಾಜರಿದ್ದು ವೋಟ್ ಹಾಕಿದವರಲ್ಲಿ ಮೂರನೇ ಎರಡು ಭಾಗವೂ ಬೇಕು. 510 ಜನ ವೋಟ್ ಹಾಕಿದ್ರೆ 340 ಬೇಕು. 360 ಜನ ಹಾಕಿದ್ರೆ ಮೂರನೇ ಎರಡು ಅಂದ್ರೆ 240 ಅಷ್ಟೇ, ಆದ್ರೂ 272 ಬರದೆ ಬಿಲ್ ಪಾಸಾಗಲ್ಲ. ರಾಜ್ಯಸಭೇಲೂ ಪ್ರತ್ಯೇಕವಾಗಿ ಇದೇ ಪರೀಕ್ಷೆ, ಅಲ್ಲಿ ಬಿದ್ರೆ ಎರಡೂ ಸದನ ಒಟ್ಟಿಗೆ ಕೂತು ವೋಟ್ ಹಾಕೋ ಜಂಟಿ ಅಧಿವೇಶನ ಕರೆಯೋ ದಾರೀನೂ ಇಲ್ಲ. ರಾಜೀವ್ ಗಾಂಧಿ ಹತ್ರ ಲೋಕಸಭೇಲಿ 400ಕ್ಕೂ ಹೆಚ್ಚು ಸೀಟಿತ್ತು, ಆದ್ರೂ 1989ರಲ್ಲಿ ಅವರ ಪಂಚಾಯತ್ ರಾಜ್ ತಿದ್ದುಪಡಿ ರಾಜ್ಯಸಭೇಲಿ ಬಿದ್ದೋಯ್ತು.

ಎರಡೂ ಕಡೆ ಗೆದ್ಮೇಲೆ ರಾಷ್ಟ್ರಪತಿ ಅಂಕಿತ. 1971ರಿಂದ ಅವರು ಇಲ್ಲ ಅನ್ನೋ ಹಾಗಿಲ್ಲ, ಸಹಿ ಹಾಕ್ಲೇಬೇಕು. ಸಹಿ ಬಿದ್ರೂ ಕೆಲವು ಸಲ ಜಾರಿ ತಡ ಆಗುತ್ತೆ, 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣದ ಹಕ್ಕು ಕೊಟ್ಟ 86ನೇ ತಿದ್ದುಪಡಿ 2002ರದ್ದು, ಜಾರಿಗೆ ಬಂದಿದ್ದು 2010ರ ಏಪ್ರಿಲ್ 1ಕ್ಕೆ.

ಇನ್ನು ತುಂಬಾ ಜನಕ್ಕೆ ಗೊತ್ತಿಲ್ಲದ ವಿಷಯ. ಜಿಎಸ್‌ಟಿ ತರೋಕೆ ಅರ್ಧದಷ್ಟು ರಾಜ್ಯಗಳ ವಿಧಾನಸಭೆ ಒಪ್ಪಿಗೆ ಬೇಕಾಯ್ತು, ಆದ್ರೆ ಮೂಲಭೂತ ಹಕ್ಕಿನ ಭಾಗ ತಿದ್ದೋಕೆ ರಾಜ್ಯಗಳನ್ನ ಕೇಳೋ ಅಗತ್ಯಾನೇ ಇಲ್ಲ! ನನಗಂತೂ ಇದು ಯಾವತ್ತೂ ಸರಿ ಅನಿಸಿಲ್ಲ.

ಹಾಗಾದ್ರೆ ಬೇಲಿ ಯಾವುದು ಅಂದ್ರೆ ಕೋರ್ಟು, ಆ ಬೇಲಿ ಹಾಕಿಸಿದ್ದು ನಮ್ಮ ಪಕ್ಕದ ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ, ಯಕ್ಷಗಾನದಲ್ಲಿ ಭಾಗವತಿಕೆ ಮಾಡ್ತಿದ್ರಲ್ಲ, ಅವರೇ. ಕೇರಳದ ಭೂಸುಧಾರಣೆ ಕಾಯ್ದೇಲಿ ಮಠದ ಜಮೀನು ಹೋಗುತ್ತೆ ಅಂತ ಕೇಸ್ ಹಾಕಿದ್ರು, ಸುಪ್ರೀಂ ಕೋರ್ಟಿನ 13 ಜನ ಜಡ್ಜ್‌ಗಳು 68 ದಿನ ಕೇಳಿ, 1973ರ ಏಪ್ರಿಲ್ 24ರಂದು 7-6ರಲ್ಲಿ, ಅಂದ್ರೆ ಒಂದೇ ಒಂದು ವೋಟಿನ ಅಂತರದಲ್ಲಿ, ಪಾರ್ಲಿಮೆಂಟು ಯಾವ ವಿಧಿ ಬೇಕಾದ್ರೂ ತಿದ್ಲಿ ಆದ್ರೆ ಸಂವಿಧಾನದ ಮೂಲ ಸ್ವರೂಪಕ್ಕೆ, ಅಂದ್ರೆ ಅದರ ಬುನಾದಿಗೆ, ಕೈ ಹಾಕೋ ಹಾಗಿಲ್ಲ ಅಂದ್ರು. ಮಠದ ಜಮೀನು ಮಾತ್ರ ಉಳೀಲಿಲ್ಲ. ಆಮೇಲೆ 42ನೇ ತಿದ್ದುಪಡೀಲಿ ಇನ್ಮೇಲೆ ಯಾವ ತಿದ್ದುಪಡೀನೂ ಕೋರ್ಟಲ್ಲಿ ಪ್ರಶ್ನೆ ಮಾಡಂಗಿಲ್ಲ ಅಂತ ಸೇರಿಸಿದ್ರು, 1980ರಲ್ಲಿ ಕೋರ್ಟು ಅದನ್ನೂ ಕಿತ್ತಾಕ್ತು. ಆ ಕೇಸು ನಮ್ಮ ಬೆಂಗಳೂರಿನ ಮಿನರ್ವ ಮಿಲ್ಲಿದು.

ಬೇಲಿನೇ ಅಲ್ಲಾಡಿದ್ದೂ ಇದೆ. ತುರ್ತು ಪರಿಸ್ಥಿತೀಲಿ, 1976ರಲ್ಲಿ, ಜೈಲಲ್ಲಿ ಕೂತವರು ಜೀವದ ಹಕ್ಕಿಗೂ ಕೋರ್ಟಿಗೆ ಬರಂಗಿಲ್ಲ ಅಂತ ಸುಪ್ರೀಂ ಕೋರ್ಟೇ ಹೇಳಿತ್ತು, ಒಪ್ಪದೇ ಇದ್ದಿದ್ದು ಜಡ್ಜ್ ಎಚ್.ಆರ್. ಖನ್ನಾ ಒಬ್ರೇ. ಅದನ್ನ ಮೊದಲು ಸರಿ ಮಾಡಿದ್ದು ಕೋರ್ಟಲ್ಲ, 1978ರ 44ನೇ ತಿದ್ದುಪಡಿ: ಈಗ ತುರ್ತು ಪರಿಸ್ಥಿತಿ ಬಂದ್ರೂ 20ನೇ ವಿಧಿ (ಅಪರಾಧ, ಶಿಕ್ಷೆ ವಿಷಯದಲ್ಲಿ ರಕ್ಷಣೆ) ಮತ್ತು 21ನೇ ವಿಧಿಯನ್ನ (ಜೀವ, ಸ್ವಾತಂತ್ರ್ಯದ ಹಕ್ಕು) ಅಮಾನತಲ್ಲಿ ಇಡೋಕಾಗಲ್ಲ. ಹಾಗಾಗಿ ತಿದ್ದುಪಡಿ ಅಂದ ತಕ್ಷಣ ಬೆಚ್ಚಿಬೀಳ್ಬೇಡಿ.

ಮಾತಾಡೋ ಹಕ್ಕಿನ ಬಗ್ಗೆ ಕೇಳಿದ್ರಲ್ಲ, ಅಲ್ಲಿ ಹೊಡೆತ ಬೀಳೋದು ಹೆಚ್ಚಾಗಿ ಸಾಮಾನ್ಯ ಕಾಯ್ದೆಗಳಿಂದ. ಆನ್‌ಲೈನ್ ಪೋಸ್ಟಿಗೆ ಅರೆಸ್ಟ್ ಮಾಡಿಸ್ತಿದ್ದ ಐಟಿ ಕಾಯ್ದೆಯ 66ಎ ತರೋಕೆ ಮೂರನೇ ಎರಡು ಭಾಗ ಗೀಗ ಏನೂ ಬೇಕಿರಲಿಲ್ಲ. 2015ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ರದ್ದು ಮಾಡ್ತು, ಕೇಸ್ ಹಾಕಿದವರಲ್ಲಿ ಒಬ್ಬಾಕೆ ನಿಮ್ಮ ಹಾಗೇ ಸ್ಟೂಡೆಂಟು.