ಹಳೆ ಲ್ಯಾಪ್‌ಟಾಪೇ ಸಾಕು, ಮೊದಲು ಟ್ಯಾಗ್ ಸರಿಮಾಡಿ

400 ಸಿಡಿ ಫ್ಲ್ಯಾಕ್‌ಗೆ (ಗುಣಮಟ್ಟ ಕಳೆಯದ ಆಡಿಯೋ ಫೈಲ್) ರಿಪ್ ಮಾಡಿಟ್ಟಿದ್ದೇನೆ, ಮನೆಯಲ್ಲೂ ಹೊರಗೂ ಫೋನಲ್ಲಿ ಕೇಳಬೇಕು, ನ್ಯಾಸ್ (ಮನೆಯ ನೆಟ್‌ವರ್ಕ್‌ಗೆ ಜೋಡಿಸುವ ಡಿಸ್ಕ್ ಪೆಟ್ಟಿಗೆ) ತಗೊಳ್ಳಲಾ ರಾಸ್ಪ್‌ಬೆರಿ ಪೈ (ಅಂಗೈಯಗಲದ ಪುಟ್ಟ ಕಂಪ್ಯೂಟರ್) ತಗೊಳ್ಳಲಾ ಅಂತ ಕೇಳಿದ್ದೀರಿ. ನನ್ನ ಕೇಳಿದರೆ ಎರಡೂ ಬೇಡ. ಹಳೆ ಲ್ಯಾಪ್‌ಟಾಪ್ ಸುಮ್ನೆ ಬಿದ್ದಿದೆ ಅಂತ ನೀವೇ ಬರೆದಿದ್ದೀರಲ್ಲ, ಅದೇ ಸಾಕು.

ಲೆಕ್ಕ ಹಾಕಿ ನೋಡಿ. ಫ್ಲ್ಯಾಕ್‌ನಲ್ಲಿ ಒಂದು ಸಿಡಿ ಹೆಚ್ಚುಕಮ್ಮಿ 300ರಿಂದ 400 ಎಂಬಿ. 400 ಸಿಡಿ ಅಂದರೂ 160 ಜಿಬಿ ಆಸುಪಾಸು. ಇಷ್ಟಕ್ಕೆ ನಾಲ್ಕು ಡಿಸ್ಕಿನ ಪೆಟ್ಟಿಗೆ ಯಾಕೆ? ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿ, ಮುಚ್ಚಳ ಮುಚ್ಚಿದರೂ ನಿದ್ದೆ ಹೋಗದ ಹಾಗೆ ಸೆಟ್ಟಿಂಗ್ ಬದಲಿಸಿ, ರೂಟರ್‌ಗೆ ಕೇಬಲ್ಲಿನಲ್ಲೇ ಜೋಡಿಸಿ. ಬ್ಯಾಟರಿ ಚೆನ್ನಾಗಿದ್ದರೆ ಕರೆಂಟ್ ಹೋದಾಗ ಅದೇ ಯುಪಿಎಸ್. ಊದಿಕೊಂಡಿದ್ದರೆ ಮಾತ್ರ ತೆಗೆಸಿಬಿಡಿ, ಅದು ಅಪಾಯ.

ಸಾಫ್ಟ್‌ವೇರ್ ವಿಷಯಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಬರೀ ಹಾಡಾದರೆ ನ್ಯಾವಿಡ್ರೋಮ್, ಅಂದರೆ ಲ್ಯಾಪ್‌ಟಾಪಲ್ಲಿರೋ ಹಾಡನ್ನು ಫೋನಿಗೆ ಕಳಿಸುವ ಸರ್ವರ್ ಸಾಫ್ಟ್‌ವೇರ್. ತುಂಬಾ ಹಗುರ, ಸಬ್‌ಸೋನಿಕ್‌ಗೆ (ಇಂಥ ಹಾಡಿನ ಸರ್ವರ್ ಜೊತೆ ಆ್ಯಪ್‌ಗಳು ಮಾತಾಡುವ ರೀತಿ) ಹೊಂದುವ ಯಾವ ಆ್ಯಪ್ ಬೇಕಾದರೂ ಅದರ ಜೊತೆ ನಡೆಯುತ್ತದೆ. ಸಿನಿಮಾನೂ ಇದ್ದರೆ ಜೆಲ್ಲಿಫಿನ್.

ನಿಜವಾದ ಕೆಲಸ ಇರೋದು ಟ್ಯಾಗ್‌ನಲ್ಲಿ, ಅಂದರೆ ಫೈಲ್ ಒಳಗೇ ಬರೆದಿರುವ ಹಾಡು, ಗಾಯಕ, ಆಲ್ಬಮ್ ಹೆಸರುಗಳಲ್ಲಿ. ನ್ಯಾವಿಡ್ರೋಮ್ ಹಾಡುಗಳನ್ನು ಜೋಡಿಸುವುದು ಟ್ಯಾಗ್ ನೋಡಿ. ನೀವು ಎಷ್ಟೇ ನೀಟಾಗಿ ಫೋಲ್ಡರ್ ಮಾಡಿಟ್ಟರೂ ಅದನ್ನು ಲೆಕ್ಕಕ್ಕೇ ತಗೊಳ್ಳುವುದಿಲ್ಲ. ನಾನು ಮೊದಲ ಸಲ ಎಲ್ಲ ಸುರಿದಾಗ, ಹತ್ತು ಜನ ಗಾಯಕರು ಹಾಡಿದ್ದ ಒಂದೇ ಸಿಡಿ ಹತ್ತು ಆಲ್ಬಮ್ ಆಗಿ ಒಡೆದು ನಿಂತಿತ್ತು. ಒಂದೊಂದರಲ್ಲೂ ಒಂದೊಂದೇ ಹಾಡು, ಎಲ್ಲಕ್ಕೂ ಅದೇ ಮುಖಚಿತ್ರ! ಅರ್ಧ ದಿನ ಸರ್ವರ್‌ಗೇ ಬೈದೆ. ಆಮೇಲೆ ನೋಡಿದರೆ ‘ಆಲ್ಬಮ್ ಆರ್ಟಿಸ್ಟ್’ ಅನ್ನೋ ಜಾಗ ಎಲ್ಲದರಲ್ಲೂ ಖಾಲಿ. ಅಲ್ಲಿ ಹತ್ತಕ್ಕೂ ಒಂದೇ ಹೆಸರು ತುಂಬಿದೆ, ಮತ್ತೆ ಸ್ಕ್ಯಾನ್ ಆದಮೇಲೆ ಒಂದಾಯಿತು. ಮ್ಯೂಸಿಕ್‌ಬ್ರೈನ್ಜ್ ಪಿಕಾರ್ಡ್ ಅನ್ನೋ ಟ್ಯಾಗ್ ತುಂಬುವ ಸಾಫ್ಟ್‌ವೇರ್ ಈ ಕೆಲಸ ಮುಕ್ಕಾಲು ಪಾಲು ತಾನೇ ಮಾಡುತ್ತದೆ, ಆದರೆ ಅಪರೂಪದ ಸಿಡಿಗಳಿಗೆ ಕೈಯಲ್ಲೇ ಟೈಪ್ ಮಾಡಬೇಕಾಗಬಹುದು. ದಿನಕ್ಕೆ ಹತ್ತು ಸಿಡಿ ಅಂತ ಇಟ್ಟುಕೊಳ್ಳಿ, ಒಂದೇ ಸಲ ಕೂತರೆ ಬೇಜಾರಾಗಿ ಬಿಟ್ಟುಬಿಡ್ತೀರಿ.

ಶುರು ಮಾಡೋ ಮುಂಚೆ ಇಡೀ ಸಂಗ್ರಹದ ಒಂದು ಕಾಪಿ ಬೇರೆ ಡಿಸ್ಕಿಗೆ ಹಾಕಿ, ವೈರ್ ಕಿತ್ತು ಬೀರುವಿನಲ್ಲಿಡಿ. ರೇಡ್ (ಹಲವು ಡಿಸ್ಕ್ ಸೇರಿಸಿ, ಒಂದು ಕೆಟ್ಟರೂ ಡೇಟಾ ಉಳಿಸುವ ಏರ್ಪಾಡು) ಇದೆಯಲ್ಲ ಅನ್ನಬೇಡಿ, ತಪ್ಪಾಗಿ ಅಳಿಸಿದ್ದು ರೇಡ್‌ನಲ್ಲೂ ಅಳಿಸಿಯೇ ಹೋಗುತ್ತದೆ.

ಹೊರಗಿಂದ ಕೇಳೋಕೆ ರೂಟರ್‌ನಲ್ಲಿ ಪೋರ್ಟ್ (ಹೊರಗಿನವರು ಒಳಬರುವ ದಾರಿ) ತೆರೆಯಬೇಡಿ. ಲ್ಯಾಪ್‌ಟಾಪಿಗೂ ಫೋನಿಗೂ ಟೇಲ್‌ಸ್ಕೇಲ್ (ನಿಮ್ಮ ಸಾಧನಗಳ ನಡುವೆ ಮಾತ್ರ ಖಾಸಗಿ ಸಂಪರ್ಕ ಕೊಡುವ ಆ್ಯಪ್) ಹಾಕಿದರೆ ಆಯಿತು. ಮೊಬೈಲ್ ಡೇಟಾದಲ್ಲಿ ಇದ್ದಾಗ 128 ಕೆಬಿಪಿಎಸ್ ಓಪಸ್ (ಚಿಕ್ಕದಾಗಿ ಕುಗ್ಗಿಸಿದ ಆಡಿಯೋ) ಬರುವ ಹಾಗೆ ಆ್ಯಪ್‌ನಲ್ಲೇ ಇಟ್ಟುಕೊಳ್ಳಿ, ಫ್ಲ್ಯಾಕ್‌ನಲ್ಲಿ 30 ಎಂಬಿ ತಿನ್ನುವ ಐದು ನಿಮಿಷದ ಹಾಡು 5 ಎಂಬಿಯಲ್ಲಿ ಮುಗಿಯುತ್ತದೆ. ಬಸ್ಸಿನ ಗದ್ದಲದಲ್ಲಿ ನನಗಂತೂ ವ್ಯತ್ಯಾಸ ಗೊತ್ತಾಗಿಲ್ಲ.

ಲ್ಯಾಪ್‌ಟಾಪ್‌ನ ರ‍್ಯಾಮ್ ಎಷ್ಟು, ಒಳಗೆ ಎಂಥ ಡಿಸ್ಕ್ ಇದೆ ಹೇಳಿ, ಯಾವ ಲಿನಕ್ಸ್ ಹಾಕಬಹುದು ಅಂತ ನೋಡೋಣ.